ದ್ಯಾಮವ್ವನ ಮೈಬಣ್ಣ

ಹುಕ್ಕೇರಿ
18 ಜೂನ್ 1958

ಅಪ್ಪನವರಿಗೆ ಇಂದ್ರವ್ವಳ ನಮಸ್ಕಾರ.

ಇಂದು ಬೆಳಿಗ್ಗೆ ನಿಮ್ಮ ಕಾರ್ಡು ಬಂತು. ಓದುವ ಮೊದಲೇ ವಿಳಾಸ ಕಣ್ಣಿಗೆ ಬಿತ್ತು. ಅದು ನಿಮ್ಮ ಅಕ್ಷರವಲ್ಲ. ನೀವು ಹುಕ್ಕೇರಿಯ 'ಹು' ಬರೆದರೆ ಅದರ ಕೊಂಬು ಬಳ್ಳಿಯ ಹಾಗೆ ಸುರುಳಿ ಸುತ್ತಿ ಮೇಲೇಳುತ್ತದೆ. ಅಂಚೆಯವನು ಪ್ರತಿ ಸಲ ಅದನ್ನು ನೋಡಿ, "ಅಕ್ಕಾರ, ನಿಮ್ಮಪ್ಪಾರು ಕಾಗದ ಬರ್ಯೂದಿಲ್ಲ, ರಂಗೋಲಿ ಹಾಕ್ತಾರ" ಎಂದು ನಗುತ್ತಾನೆ. ಈ ಸಲ ಪೆನ್ಸಿಲಿನ ಮೊಂಡ ಅಕ್ಷರ. ಅವನು ನಗದೆ ಕೊಟ್ಟು ಹೋದ.

ಒಳಗೆ "ಕೈ ಜರಾ ಆರಾಮಿಲ್ಲ, ಅದಕ್ಕ ಬ್ಯಾರೆಯವ್ರು ಬರದಾರ" ಎಂದಷ್ಟೇ ಇದೆ. ಏನಾಗಿದೆ ಅಪ್ಪಾ? ರಜೆಯಲ್ಲಿ ಗೋಕಾಕಕ್ಕೆ ಬಂದಾಗ ನೀವು ಎಡಗೈಯಲ್ಲಿ ಚಹದ ಬಟ್ಟಲು ಹಿಡಿದಿದ್ದನ್ನು ನೋಡಿದ್ದೆ. ಬಲಗೈಗೆ ಗೊಂಬೆಯ ಬಣ್ಣ ಹತ್ತಿರಬಹುದು ಎಂದುಕೊಂಡೆ. ಆಮೇಲೆ ನೋಡಿದರೆ ಬಣ್ಣ ಇರಲಿಲ್ಲ. ಆದರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ನಾವು ಒಬ್ಬರನ್ನೊಬ್ಬರು ನೋಡುತ್ತೇವೆ, ಕೇಳುವುದಿಲ್ಲ. ಕಾಗದದಲ್ಲಾದರೆ ನನಗೆ ಧೈರ್ಯ ಬರುತ್ತದೆ. ಕೈಗೆ ಏನಾಗಿದೆಯೆಂದು ಇದ್ದದ್ದು ಇದ್ದ ಹಾಗೆ ಬರೆಸಿ.

ಇಲ್ಲಿ ಶಾಲೆ ಸುರುವಾಗಿದೆ. ನನ್ನ ದನಿ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲವೆಂದು ನಮ್ಮ ಮುಖ್ಯಾಧ್ಯಾಪಕಿ ದೊಡ್ಡಬಾಯಿಯವರು ಹೇಳಿದರು. ಧಾರವಾಡದಲ್ಲಿ ಬಿ.ಎ. ಪರೀಕ್ಷೆ ಪಾಸಾಗುವುದಕ್ಕಿಂತ ಮೂವತ್ತು ಹುಡುಗಿಯರ ಮುಂದೆ ಬಾಯಿ ತೆರೆಯುವುದು ಕಷ್ಟ.

ಮೂಡಲಗಿಯಿಂದ ಗುಡ್ಡಣ್ಣ ಬರೆದಿದ್ದಾನೆ, ಅತ್ತಿಗೆ ಕೆಂಪವ್ವ ಮತ್ತೆ ಬಸುರಿಯಂತೆ. ಎರಡು ಸಲ ಕೂಸು ನಿಲ್ಲದೆ ಹೋದ ಮೇಲೆ ಈಗ ಸಂತೋಷಪಡಲೂ ಅವನಿಗೆ ಹೆದರಿಕೆ. ಕಾಗದವೆಲ್ಲ ಹೊಲದ ಸುದ್ದಿ, ಈ ಮಾತು ಮಾತ್ರ ಕೊನೆಯ ಮೂಲೆಯಲ್ಲಿ.

ನಿಮ್ಮ ಉತ್ತರಕ್ಕೆ ಕಾದಿರುವ,
ಇಂದ್ರವ್ವ

ಗೋಕಾಕ
27 ಜೂನ್ 1958

ಮಗಳ ಇಂದ್ರವ್ವಗ,

ನಾ ಹೇಳತೇನಿ, ಬಾಜೂ ಮನಿ ಜಾಫರಸಾಬ ಬರೀತಾನ. ಚಷ್ಮಾ ಬಿದ್ದ ಒಡದೈತಿ, ನಿನ್ನ ಕಾಗದ ಓದಿ ಹೇಳಾಂವನೂ ಅವನ. ಟೇಲರ ಮನಶ್ಯಾ, ಅಕ್ಷರಕ್ಕೂ ಹೊಲಗಿ ಹಾಕ್ಯಾನ. ನೋಡಿ ನಗಬ್ಯಾಡ. (ಹೇಳಿದ್ದನ್ನ ಬರದೇನಿ ಇಂದ್ರಾ. ನನ್ನ ಹೊಲಗಿ ಬಿಚ್ಚಿದ್ದ ಇನ್ನೂ ಯಾರೂ ನೋಡಿಲ್ಲ ಅಂತ ನಿಮ್ಮಪ್ಪಗ ಹೇಳು. ಜಾಫರ ಕಾಕಾ.)

ಕೈ ನೋವಿಲ್ಲ. ನೋವಿದ್ರ ಛಲೋ ಇತ್ತು. ಬಲಗೈ ಮಣಿಕಟ್ಟಿನಿಂದ ಕೆಳಗ ಜೋತ ಬಿದ್ದೈತಿ, ಕುತ್ತಿಗಿ ಮುರದ ಕೋಳಿಗತೆ. ಎತ್ತಂದ್ರ ಏಳೂದಿಲ್ಲ. ಕುಂಚ ಹಿಡದ್ರ ಜಾರತೈತಿ. ಗೊಂಬಿ ಎಲ್ಲಾ ಬಿಳೇ ಮೈಯಾಗ, ಕಣ್ಣಿಲ್ಲದ ಸಾಲಾಗಿ ಕುಂತಾವು. ಮುಂಜಾನೆ ಎದ್ದ ಅವುನ್ನ ನೋಡಾಕ ಆಗವಲ್ದು.

ನಿಮ್ಮತ್ತಿ ಕರೆವ್ವ ಇದು ಕರಣಿ ಅಂತಾಳ. ಯಾರೋ ಮಾಟ ಮಾಡ್ಸ್ಯಾರಂತ. ಯಾರಂತ ನಾ ಹೇಳಾಂಗಿಲ್ಲ, ಬರಿಯಾಂವ ಎದುರಿಗೆ ಕುಂತಾನ. (ನನ್ನ ಹೇಣ್ತಿ ಗೌಸಬಿ ಹೆಸರು. ಓಣಿಗೆಲ್ಲಾ ಗೊತ್ತೈತಿ, ಕಾಗದಕ್ಕ್ಯಾಕ ಮುಚ್ಚೂದು?) ನೀ ಹುಟ್ಟೂಕಿಂತ ಮೊದಲಿಂದ ನಮ್ಮ ಬಣ್ಣ ಅರ್ಯಾಕಿ ಆಕಿ. ಅರ್ಯೂದರಾಗ ಏನರೆ ಬೆರಸ್ಯಾಳ ಅಂತ ಕರೆವ್ವನ ಮಾತು. ಕರೆವ್ವ ಹೋಗಿ ಅವರ ಹೊಸ್ತಿಲಕ್ಕ ಲಿಂಬಿಹಣ್ಣು ಇಟ್ಟ ಬಂದಳು. ಗೌಸಬಿ ಅದನ್ನ ಕೈಯಾಗ ಹಿಡ್ಕೊಂಡ ನಡು ಓಣ್ಯಾಗ ನಿಂತ ಒದರಿದ್ಳು ನೋಡು: "ಕರೆವ್ವಾ, ಕರಣಿ ಮಾಡಾಕ ನನಗ ಪುರಸೊತ್ತರೆ ಎಲ್ಲೈತಿ? ಮುಂಜಾನೆಯಿಂದ ಸಂಜೀತನಾ ನಿಮ್ಮ ಬಣ್ಣಾನ ಅರೀತೇನಿ. ಮಾಡಿದ್ರ ನಿನ್ನ ಬಾಯಿಗೆ ಮಾಡತಿದ್ದೆ, ಅಣ್ಣನ ಕೈಗ್ಯಾಕ ಮಾಡ್ಲಿ!" ಓಣಿ ಮಂದೆಲ್ಲಾ ನಕ್ಕರು. ನನಗೂ ನಗು ಬಂತು. ಆದ್ರ ಮರುದಿನದಿಂದ ಆಕಿ ಅರ್ಯಾಕ ಬಂದಿಲ್ಲ.

ಮೇಲವಂಕಿ ಸತ್ಯಪ್ಪ ಬಂದಿದ್ದ, ದೇವರ ಮಾತು ಹೇಳಾಂವ. ದ್ಯಾಮವ್ವನ ಮೈಬಣ್ಣ ಶುಕ್ರವಾರಕ್ಕೊಮ್ಮೆ ಹಾಲಾಗ ತಗೊ, ಕರಣಿ ಇಳೀತೈತಿ ಅಂದ. ಅದೇನ ನಮಗ ಹೊಸಾದಲ್ಲ. ಹೊಳಿಯಾಚಿ ದ್ಯಾಮವ್ವನ್ನ ಬಣ್ಣಕ್ಕ ಕುಂದ್ರಿಸಿದಾಗ ಆಕಿ ಹಳೇ ಬಣ್ಣ ಕೆರದ ತಗ್ಯಾವ್ರು ನಾವು. ಆ ಪುಡಿ ಚಿಟಿಕಿ ಚಿಟಿಕಿ ಕೊಡೂ ಹಕ್ಕು ನಮ್ಮ ಮನೀದು. ಇವತ್ತೂ ನಾಗನೂರಿಂದ ಹೆಣ್ಮಕ್ಕಳು ಬರ್ತಾರ, ಮಕ್ಕಳಾಗಲಿ ಅಂತ. ನಿಮ್ಮಣ್ಣ ಗುಡ್ಡಪ್ಪ ಹುಟ್ಟಿ ಎಷ್ಟ ವರ್ಷ ನಿಮ್ಮವ್ವಗ ಏನೂ ಆಗಿದ್ದಿಲ್ಲ. ಮೈಬಣ್ಣ ತಗೊಂಡ ಮ್ಯಾಲ ನೀ ಹುಟ್ಟಿದಿ. ದ್ಯಾಮವ್ವ ಕೊಟ್ಟ ಕೂಸು ನೀ. ಈಗ ಕೆಂಪವ್ವಗೂ ಪುಡಿ ಕಟ್ಟಿ ಮೂಡಲಗಿಗೆ ಕಳಿಸೇನಿ. ಹಡಿಯೂತನಾ ಬಿಡಬ್ಯಾಡ ಅಂತ ಹೇಳೇನಿ.

ನೀ ಚಿಂತಿ ಮಾಡಬ್ಯಾಡ. ಜೋರಿಲೆ ಮಾತಾಡು, ಹುಡುಗ್ಯಾರಿಗೆ ಕೇಳ್ಲಿ.

ನಿಮ್ಮಪ್ಪ ಉದ್ದಪ್ಪ

ಹುಕ್ಕೇರಿ
9 ಜುಲೈ 1958

ಅಪ್ಪನವರಿಗೆ ನಮಸ್ಕಾರ.

ಇದನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಸುಮಾರು ಹಾಳೆ ಹರಿದು ಹಾಕಿದ್ದೇನೆ. ಜಾಫರ ಕಾಕಾ, ನಿಧಾನವಾಗಿ ಓದಿ ಹೇಳಿ.

ನಾನು ಇಲ್ಲಿಯ ದವಾಖಾನೆಗೆ ಹೋಗಿದ್ದೆ. ನನಗೇನೂ ಆಗಿಲ್ಲ. ನಿಮ್ಮ ಕೈಯ ವಿಷಯ ಕೇಳಲು ಹೋದೆ. ಮೊದಲ ಸಲ ಕಟ್ಟೆಯ ಮೇಲೆ ಕುಳಿತವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನಿಸಿ, ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತು ವಾಪಸು ಬಂದೆ. ಮರುದಿನ ಡಾಕ್ಟರಬಾಯಿ ತಾವೇ ಬಾಗಿಲಿಗೆ ಬಂದು, "ಏನವ್ವಾ, ನಿನ್ನೆನೂ ಬಂದಿದ್ದಿ. ಮರಾ ನೋಡಾಕ ಬರ್ತೀ ಏನು?" ಎಂದರು. ಒಳಗೆ ಹೋದೆ. ನನ್ನ ಬಲಗೈಯನ್ನು ಮಣಿಕಟ್ಟಿನಿಂದ ಜೋಲುಬಿಟ್ಟು ತೋರಿಸಿದೆ. ಅವರು ಕೇಳಿದ ಮೊದಲ ಮಾತು, "ಬಣ್ಣದ ಕೆಲಸದವರೇನು?" ನೀವು ಏನು ಕೆಲಸ ಮಾಡುತ್ತೀರೆಂದು ನಾನು ಇನ್ನೂ ಹೇಳಿರಲಿಲ್ಲ.

ಬಿಳುಪಿನ ಸಫೇದಾದಲ್ಲಿ, ಸಿಂಧೂರದಲ್ಲಿ ಸೀಸ ಇರುತ್ತದಂತೆ. ಇಂಗಳೀಕದ ಕೆಂಪಿನಲ್ಲಿ ಪಾದರಸ. ಅರದಾಳದ ಹಳದಿಯಲ್ಲಿ ಪಾಷಾಣ. ಒಂದೇ ದಿನಕ್ಕೆ ಏನೂ ಆಗುವುದಿಲ್ಲ, ಚೂರುಚೂರಾಗಿ ಮೈಯಲ್ಲಿ ನಿಲ್ಲುತ್ತದೆ. ಸೀಸ ಹೆಚ್ಚಾದರೆ ಮೊದಲು ಸೋಲುವುದು ದುಡಿಯುವ ಕೈ. ನಮ್ಮ ಮನೆಯ ಕಲ್ಲಿನ ಮೇಲೆ ಅರೆದ ಬಣ್ಣಕ್ಕೂ ಹೀಗೆಯೇ ಏನು ಎಂದು ಕೇಳಿದೆ. ಮನೆಯಲ್ಲಿ ಅರೆದರೂ ಡಬ್ಬಿಯಲ್ಲಿ ಬಂದರೂ ಅದು ಅದೇ ಎಂದರು. ಇನ್ನೊಮ್ಮೆ ಕೇಳಿದೆ. ಅದನ್ನೇ ಹೇಳಿದರು.

ದೇವಿಯ ಕಣ್ಣು ಬರೆಯುವ ಕುಂಚಕ್ಕೆ ನೀರು ತಾಗಬಾರದೆಂದು ನೀವು ಉಪವಾಸವಿದ್ದು ತುಟಿಯಲ್ಲಿ ಅದರ ತುದಿ ಚೂಪು ಮಾಡುತ್ತೀರಿ. ಅದೇ ರೂಢಿ ಗೊಂಬೆಯ ಕಣ್ಣಿಗೂ ಬಂದುಬಿಟ್ಟಿದೆ. ನಾನು ಚಿಕ್ಕವಳಿದ್ದಾಗ ನಿಮ್ಮ ಕೆಳತುಟಿಯ ಮೇಲೆ ಯಾವಾಗಲೂ ಒಂದು ಕೆಂಪು ಚುಕ್ಕೆ ಇರುತ್ತಿತ್ತು. ಅದನ್ನು ಹುಟ್ಟುಮಚ್ಚೆ ಎಂದೇ ತಿಳಿದಿದ್ದೆ. ಕನ್ನಡಿ ಹಿಡಿದು ವಸಡು ನೋಡಿಕೊಳ್ಳಿ. ಹಲ್ಲಿನ ಬುಡದಲ್ಲಿ ನೀಲಿಗಪ್ಪು ಗೆರೆ ಇದ್ದರೆ ಅನುಮಾನವೇ ಬೇಡ ಎಂದಿದ್ದಾರೆ.

ಕರೆವ್ವತ್ತೆ ಹೇಳಿದ್ದರಲ್ಲಿ ಅರ್ಧ ಸರಿ. ನಿಮ್ಮ ಮೈಯೊಳಗೆ ಏನೋ ಹೋಗಿದೆ. ಆದರೆ ಹಾಕಿದವರು ಗೌಸಬಿ ಕಾಕಿಯಲ್ಲ. ನಿಮಗಿಂತ ಹೆಚ್ಚು ಬಣ್ಣದ ಧೂಳು ಕುಡಿದವರು ಅವರು.

ಈಗ ಮುಖ್ಯವಾದದ್ದು. ಮೈಬಣ್ಣವೆಂದರೆ ಇದೇ ಸಿಂಧೂರ, ಇದೇ ಅರದಾಳ, ಪುಡಿಯಾಗಿ. ಬಸುರಿಯ ಹೊಟ್ಟೆಗೆ ಹೋದರೆ ಕೂಸು ನಿಲ್ಲುವುದು ಕಷ್ಟ ಎಂದರು. ಅಪ್ಪಾ, ಅದನ್ನು ನೀವೂ ಕುಡಿಯಬೇಡಿ. ಅತ್ತಿಗೆಗೆ ಬಿಟ್ಟುಬಿಡು ಎಂದು ಇಂದೇ ಮೂಡಲಗಿಗೆ ಒಂದು ಸಾಲು ಬರೆಸಿ.

ನಿಮ್ಮ ಮಗಳು
ಇಂದ್ರವ್ವ

ಹುಕ್ಕೇರಿ
21 ಜುಲೈ 1958

ಅಪ್ಪನವರಿಗೆ ನಮಸ್ಕಾರ.

ನಿಮ್ಮ ಉತ್ತರ ಬರಲಿಲ್ಲ. ಅಂಚೆಯವನು ಶಾಲೆಯ ಮುಂದೆ ಸೈಕಲ್ ನಿಲ್ಲಿಸದೆ ಹೋದರೆ ಪಾಠದ ಸಾಲು ತಪ್ಪುತ್ತದೆ.

ನಿನ್ನೆ ಭಾನುವಾರ, ಬಸ್ಸು ಹಿಡಿದು ಮೂಡಲಗಿಗೆ ಹೋಗಿ ಬಂದೆ. ಗುಡ್ಡಣ್ಣ ಹೊಲದಲ್ಲಿದ್ದ. ಅತ್ತಿಗೆ ಜೋಳ ಹಸನು ಮಾಡುತ್ತ ಕುಳಿತಿದ್ದರು. ಮುಖ ಇಳಿದುಹೋಗಿದೆ. ಹೊಟ್ಟೆ ಹಿಂಡುತ್ತದಂತೆ, ಬಾಯಲ್ಲಿ ಕಬ್ಬಿಣ ಕಚ್ಚಿದಂಥ ರುಚಿಯಂತೆ. ಗೂಡಿನಲ್ಲಿ ನಿಮ್ಮ ಪುಡಿಯ ಪೊಟ್ಟಣ, ಅದರ ಮೇಲೆ ಒಂದು ಹೂವು.

"ವೈನಿ, ಅದನ್ನ ತಗೋಬ್ಯಾಡ್ರಿ" ಎಂದೆ.

"ಯಾಕ, ಹುಳಾ ಬಿದ್ದಾವೇನು?"

"ಅದರಾಗ ವಿಷ ಐತ್ರಿ."

ಅವರು ಮೊರ ಕೆಳಗಿಟ್ಟು ನಕ್ಕರು. "ದ್ಯಾಮವ್ವನ ಮೈಯಾಗ ವಿಷ ಐತಿ ಅಂತ ಧಾರವಾಡದಾಗ ಕಲಿಸ್ಯಾರ? ನಿನಗ ಗಂಡ ನೋಡಾವ್ರ ಮುಂದ ಇದನ್ನ ಹೇಳಬ್ಯಾಡ, ಎದ್ದ ಹೋದಾರು."

ನಾನೂ ನಕ್ಕೆ. ಆಮೇಲೆ ಕೇಳಿದೆ, "ಮೊದಲಿನ ಎರಡು ಸಲಾನೂ ತಗೊಂಡಿದ್ರೇನು?"

"ತಗೊಂಡಿದ್ದೆ. ವಾಂತಿ ಬಂತಂತ ನಡುವ ಬಿಟ್ಟೆ. ಅದಕ್ಕ ಹೋದುವು ಅಂತಾರ. ಈ ಸಲಾ ಏನಾದ್ರೂ ಬಿಡೂದಿಲ್ಲ." ಮತ್ತೆ ಮೊರ ಎತ್ತಿಕೊಂಡು ಅಂದರು, "ಇಂದ್ರಾ, ನನಗ ಹಿಡ್ಕೊಳ್ಳಾಕ ಇದೊಂದ ಐತಿ. ಮಾವನೋರು ಬ್ಯಾಡ ಅಂದ್ರ ಇವತ್ತ ಬಿಡತೇನಿ. ನೀ ಅಂದ್ರ ಹೆಂಗ ಬಿಡ್ಲಿ?"

ಬಾಗಿಲ ತನಕ ಬಂದು ನನ್ನ ಸೆರಗಿನಲ್ಲಿ ಹಸಿ ಶೇಂಗಾ ಕಟ್ಟಿ ಕಳಿಸಿದರು. ಬಸ್ಸಿನಲ್ಲಿ ಅವುಗಳನ್ನು ತಿನ್ನಲಾಗಲಿಲ್ಲ.

ಅಪ್ಪಾ, ಅವರು ನನ್ನ ಮಾತು ಕೇಳುವುದಿಲ್ಲ, ಡಾಕ್ಟರ ಮಾತನ್ನೂ ಕೇಳುವುದಿಲ್ಲ. ನಿಮ್ಮದೊಂದು ಮಾತು ಸಾಕು. ಶುಕ್ರವಾರಗಳು ಹೋಗುತ್ತಲೇ ಇವೆ.

ಇಂದ್ರವ್ವ

ಗೋಕಾಕ
30 ಜುಲೈ 1958

ಇಂದ್ರವ್ವಗ,

ನಿನ್ನ ಎರಡೂ ಕಾಗದ ಜಾಫರ ಓದಿ ಹೇಳ್ಯಾನ. ಉತ್ತರ ಬರಸೂದ ಬ್ಯಾಡ ಅಂತ ಕುಂತಿದ್ದೆ.

ಗೊಂಬಿ ಕಣ್ಣ ಬರದು ಬರದು ನಿನ್ನ ಧಾರವಾಡಕ್ಕ ಕಳಿಸಿದೆ. ನೀ ಕಲತ ಬಂದ ಮೊದಲನೇ ಮಾತು ಇದೇನು? ಕನ್ನಡಿ ನೋಡಿಲ್ಲ ನಾ. ನೋಡೂದೂ ಇಲ್ಲ.

ನನ್ನ ಕೈ ಹೋದ್ರ ಹೋಗ್ಲಿ. ಒಂದ ಮಾತು ಹೇಳು. ನೀ ಹುಟ್ಟಿದ ಮ್ಯಾಲ ನಿಮ್ಮವ್ವಗ ಮೂರು ಕೂಸು ಹೋದುವು. ಪ್ರತಿ ಸಲಾ ನಾನ ಹಾಲಾಗ ಮೈಬಣ್ಣ ಕದಡಿ ಕುಡಿಸೇನಿ. ಒಲ್ಲೆ ಅಂತಿದ್ಳು, ಗದರಿಸಿ ಕುಡಿಸೇನಿ. ಕಡೀ ಸಲಾ ಕೂಸಿನ ಹಿಂದ ಆಕಿನೂ ಹೋದಳು. ಹಂಗಾರ ನಾ ಆಕಿಗೆ ವಿಷಾ ಕುಡಿಸಿದ್ನೇನು? ಹೌದಂದ್ರ ಹೌದಂತ ಬರಿ. ಅದನ್ನ ಬರೀಲಾರದ, ಮೂಡಲಗಿಗೆ ಬ್ಯಾಡ ಅಂತ ಬರಸ್ರಿ ಅಂದ್ರ ನಾ ಹೆಂಗ ಬರಸ್ಲಿ? ಕೆಂಪವ್ವಗ ಬ್ಯಾಡ ಅಂದ್ರ ನಿಮ್ಮವ್ವನ ಮಾತಿಗೆ ಹೌದು ಅಂದಂಗ ಆತು.

ಅವಾಗಿನ ಬಣ್ಣ ನಿಮ್ಮಜ್ಜ ನಮ್ಮ ಕಲ್ಲಿನ ಮ್ಯಾಲ ಅರದ ಹಚ್ಚಿದ್ದು. ಅದರಾಗ ಏನ ವಿಷ ಇರತೈತಿ? ನಿಮ್ಮವ್ವ ಹೋದ ಮ್ಯಾಲ ಮಾಲು ಸಿಗದಂಗಾಗಿ ಮುಂಬೈ ಡಬ್ಬಿ ಬಣ್ಣ ಬೆರಸಾಕತ್ತೆ. ಅದರಾಗ ವಿಷ ಐತಿ ಅಂದಿದ್ರ ನಾ ಒಪ್ಪತಿದ್ದೆ. ನೀ ಎರಡೂ ಒಂದ ಅಂತೀ.

ಉದ್ದಪ್ಪ

(ಇಂದ್ರಾ, ಇದು ನನ್ನ ಮಾತು. ಆ ಪ್ರಶ್ನಿ ಬರಸಿ, ಹೊಡದ ಹಾಕು ಅಂದ್ರು. ಹೊಡದ ಹಾಕಾಕ ಹೋದ್ರ, ಇರಲಿ ಬಿಡು ಅಂದ್ರು. ಕನ್ನಡಿ ನೋಡಿಲ್ಲ ಅನ್ನೂದು ಸುಳ್ಳು, ನನ್ನ ಅಂಗಡ್ಯಾಗಿನ ಕನ್ನಡಿಗೆ ಬಾಯಿ ತಗದ ನಿಂತಿದ್ರು. ಗೆರಿ ಐತಿ. ಅವತ್ತಿಂದ ಉಂಡಿಲ್ಲ. ಎಡಗೈಲೆ ಬಲಗೈ ಎತ್ತಿ ತೊಡಿ ಮ್ಯಾಲ ಇಟ್ಕೊಂಡ ಕುಂತಾರ. ಗೌಸಬಿ ರೊಟ್ಟಿ ಕಳಿಸಿದ್ರ ನಿಮ್ಮತ್ತಿ ಬ್ಯಾಡ ಅನ್ನಲಿಲ್ಲ, ಅಷ್ಟರ ಮಟ್ಟಿಗೆ ಹೆದರ್ಯಾಳ. ಹೌದೋ ಅಲ್ಲೋ, ಲಗೂನ ಬರಿ. ಜಾಫರ.)

ಹುಕ್ಕೇರಿ
5 ಆಗಸ್ಟ್ 1958

ಜಾಫರ ಕಾಕಾ,

ನಿಮ್ಮ ಹೆಸರಿಗೆ ಕಳಿಸಿದ ಈ ಲಕೋಟೆಯಲ್ಲಿ ಎರಡು ಹಾಳೆ ಇವೆ. ಇದು ನಿಮಗೆ ಮಾತ್ರ. ಅಂಗಡಿಯಲ್ಲೇ ಓದಿ ಇಸ್ತ್ರಿಯ ಕೆಂಡಕ್ಕೆ ಹಾಕಿಬಿಡಿ.

ಅಪ್ಪನ ಪ್ರಶ್ನೆ ಬಂದಾಗಿನಿಂದ ಒಂದು ಕಡೆ ಕುಳಿತಿಲ್ಲ. ತರಗತಿಯಲ್ಲಿ ಪದ್ಯದ ನಡುವೆ ನಿಂತುಬಿಡುತ್ತೇನೆ. ಹುಡುಗಿಯರು ನನ್ನ ದನಿ ಕೇಳಿಸಲಿಲ್ಲವೆಂದುಕೊಂಡು ಮುಂದಕ್ಕೆ ಬಾಗುತ್ತಾರೆ. ಡಾಕ್ಟರಬಾಯಿಯ ಹತ್ತಿರ ಮತ್ತೆ ಹೋಗಿದ್ದೆ. ಈ ಸಲ ಮರದ ಕೆಳಗೆ ನಿಲ್ಲಲಿಲ್ಲ. ಅವ್ವನ ವಿಷಯ ಪೂರ್ತಿ ಹೇಳಿದೆ. "ಅಂದಿಂದು ಇವತ್ತ ಯಾರೂ ಖಾತ್ರಿಲೆ ಹೇಳಾಂಗಿಲ್ಲವ್ವಾ" ಎಂದರು. ಆಮೇಲೆ ನನ್ನ ಮುಖ ನೋಡುವುದನ್ನು ಬಿಟ್ಟು ಕೈ ತೊಳೆಯಲು ಎದ್ದರು. ನನಗೆ ಅಷ್ಟು ಸಾಕಾಯಿತು. ಅವ್ವ ಹಾಲಿನ ಬಟ್ಟಲು ಹಿಡಿದು ಮುಖ ಕಿವಿಚುತ್ತಿದ್ದದ್ದು ನನಗೆ ನೆನಪಿದೆ. ಕೊನೆಯಲ್ಲಿ ಉಳಿದ ಒಂದು ಗುಟುಕು ನನಗೂ ಬೇಕೆಂದು ಹಟ ಮಾಡುತ್ತಿದ್ದೆ. ಅವಳು ಎಂದೂ ಕೊಡಲಿಲ್ಲ.

ಇನ್ನೊಂದು ಹಾಳೆಯಲ್ಲಿ ಅಪ್ಪನಿಗೆ ನಾನು ಬರೆದಿರುವುದು ನಿಜವಲ್ಲ. ಹಿಂದಿನ ಕಾಗದ ಓದಿದವರು ನೀವೇ, ನಿಮಗೆ ತಿಳಿದುಬಿಡುತ್ತದೆ. ಓದುವಾಗ ತಡವರಿಸಬೇಡಿ. ನಡುವೆ ನಿಮ್ಮ ಮಾತು ಸೇರಿಸಬೇಡಿ, ಈ ಸಲ ಒಂದೂ ಬೇಡ. ಅತ್ತಿಗೆಯ ಹಿಂದಿನ ಎರಡು ಕೂಸುಗಳ ಭಾರ ಹೇಗೂ ಅಪ್ಪನ ಮೇಲೆ ಉಳಿಯುತ್ತದೆ. ಅದನ್ನು ಇಳಿಸಲು ನನ್ನಿಂದ ಆಗಲಿಲ್ಲ.

ಗೌಸಬಿ ಕಾಕಿಗೆ ಮಾತ್ರ ಖರೆ ಹೇಳಿ. ಯಾವ ಬಣ್ಣವನ್ನೂ ಇನ್ನು ಅರೆಯುವುದು ಬೇಡ. ಅವರ ವಸಡನ್ನೂ ನೋಡಿ. ಶನಿವಾರ ಅಪ್ಪನನ್ನು ಬೆಳಗಾವಿಯ ದವಾಖಾನೆಗೆ ಕರೆದೊಯ್ಯುವಾಗ ಅವರೂ ನಮ್ಮ ಜೊತೆ ಬರಲಿ.

ಮುಂದಿನ ಸಲ ದ್ಯಾಮವ್ವ ಬಣ್ಣಕ್ಕೆ ಕುಳಿತಾಗ, ಕಲ್ಲಿನ ಮೇಲೆ ಅರೆದ ಬಣ್ಣವನ್ನೇ ಹಚ್ಚುತ್ತೇನೆಂದು ಅಪ್ಪ ಹೊರಟರೆ ಈ ಸುಳ್ಳು ಸಾಲದೆ ಹೋಗಬಹುದು. ಆಗ ಬೇರೆಯದನ್ನು ಹುಡುಕುತ್ತೇನೆ.

ಇಂದ್ರಾ

ಹುಕ್ಕೇರಿ
5 ಆಗಸ್ಟ್ 1958

ಅಪ್ಪನವರಿಗೆ ನಮಸ್ಕಾರ.

ಡಾಕ್ಟರಬಾಯಿಯ ಹತ್ತಿರ ಮತ್ತೆ ಹೋಗಿ ಬಂದೆ. ಹಿಂದಿನ ಕಾಗದದಲ್ಲಿ ನಾನು ತಪ್ಪು ಬರೆದಿದ್ದೆ. ನನ್ನ ಸ್ವಭಾವ ನಿಮಗೆ ಗೊತ್ತು. ಅಷ್ಟು ಜನರ ಮುಂದೆ ನಾಚಿಕೆಯಾಗಿ ಅರ್ಧ ಕೇಳಿಸಿಕೊಂಡು, ಅರ್ಧ ನಾನೇ ಕೂಡಿಸಿಕೊಂಡು ಬಂದಿದ್ದೆ. ಈ ಸಲ ಎಲ್ಲವನ್ನೂ ಬಿಡಿಸಿ ಕೇಳಿದೆ. ವಿಷ ಇರುವುದು ಮುಂಬೈಯಿಂದ ಬರುವ ಡಬ್ಬಿ ಬಣ್ಣದಲ್ಲಿ. ನೀವು ಅಂದದ್ದೇ ಸರಿ, ಎರಡೂ ಒಂದಲ್ಲ.

ಈಗ ಕೊಡುತ್ತಿರುವ ಮೈಬಣ್ಣದಲ್ಲಿ ಡಬ್ಬಿಯ ಬಣ್ಣ ಬೆರೆತಿದೆ. ಆದ್ದರಿಂದ ಈ ಕಾಗದ ಮುಗಿದ ಕೂಡಲೇ ಮೂಡಲಗಿಗೆ ಬರೆಸಿ, ಬರುವ ಶುಕ್ರವಾರದೊಳಗೆ ಮುಟ್ಟಬೇಕು. ನಾಗನೂರಿನವರಿಗಾಗಲಿ, ಬೇರೆ ಯಾರಿಗಾಗಲಿ ಕೊಡಬೇಡಿ. ಕೇಳಿದರೆ, ಬಣ್ಣ ಕೆಟ್ಟಿದೆ ಎಂದು ಹೇಳಿ. ಉಳಿದದ್ದನ್ನು ಹೊಳೆಗೆ ಬಿಡದೆ, ದನ ಮೇಯದ ಕಡೆ ಆಳವಾಗಿ ಹೂಳಿಸಿ. ನೀವೂ ಕುಡಿಯಬೇಡಿ. ಕುಂಚವನ್ನು ತುಟಿಗೆ ಹಚ್ಚಬೇಡಿ, ಡಬ್ಬಿಯ ಬಣ್ಣ ಅದರ ಕೂದಲಿನಲ್ಲಿ ಉಳಿದಿರುತ್ತದೆ. ಶನಿವಾರ ಬಂದು ನಿಮ್ಮನ್ನು ಬೆಳಗಾವಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋಗುತ್ತೇನೆ. ಬಣ್ಣದಿಂದ ದೂರವಿದ್ದರೆ ಕೈ ಮತ್ತೆ ಏಳಬಹುದು ಎಂದಿದ್ದಾರೆ.

ಕರೆವ್ವತ್ತೆ ಇನ್ನು ಮೇಲೆ ಮುಂಬೈಯವರನ್ನು ಬಯ್ಯಲಿ. ಅವರ ದನಿ ಅಲ್ಲಿಯ ತನಕ ಮುಟ್ಟುತ್ತದೆ.

ನೀವು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಇಲ್ಲ ಅಪ್ಪಾ. ಅವ್ವನಿಗೆ ನೀವು ಕುಡಿಸಿದ್ದು ಅಜ್ಜ ಅರೆದ ಬಣ್ಣ. ಅದರಲ್ಲಿ ಏನೂ ಇರಲಿಲ್ಲ. ಊಟ ಮಾಡಿ.

ನಿಮ್ಮ ಮಗಳು
ಇಂದ್ರವ್ವ